ಮೂವತ್ತನಾಲ್ಕರಿಂದ ನಲವತ್ತೇಳು

ಹಾಸನದ ಸೈನ್ಸ್ ಕಾಲೇಜಿನಿಂದ ಬಂದ ತಸ್ಕೀನ್ ಮೇಡಂ
ಹಳೇಬೀಡಿನ ನಮ್ಮ ಶೆಡ್ಡಿನ ಕಲ್ಲುಪುಡಿಯ ಮೇಲೆ
ಪೇಪರು ಹಾಸಿ ಕೂತು ನಾಲ್ಕು ಫೋಟೋ ಹರವಿದರು.
ಕೆಸರಲ್ಲಿ ಮಲಗಿದ್ದು, ಕೆಸರಿಂದ ಎದ್ದದ್ದು,
ಕಿವಿಯಂಚಿಗೆ ಕೂದಲು, ಮೂಗಿನ ಮೇಲೆ
ಒಂದರ ಹಿಂದೊಂದು ಎರಡು ಕೊಂಬು.
ನಾಲ್ಕನೆಯದರಲ್ಲಿ ಬರೀ ಹೆಜ್ಜೆಗುರುತು.
ಸುಮಾತ್ರದ ಘೇಂಡಾಮೃಗ.
ಭೂಮಿಯ ಮೇಲೆ ಎಷ್ಟು ಉಳಿದಿವೆಯೋ ಅಷ್ಟನ್ನೂ
ಬಳಪದ ಕಲ್ಲಲ್ಲಿ, ಅಂಗೈಯಗಲಕ್ಕೆ, ಮಾಡಿಕೊಡಬೇಕು;
ಮಕ್ಕಳು ಮುಟ್ಟಿ ಎಣಿಸಲಿ.

‘ಎಷ್ಟು?’ ಅಂದರು ಕಾಳಾಚಾರ್ ಮಾವ, ಉಳಿ ಕೆಳಗಿಡದೆ.
‘ಮೂವತ್ತನಾಲ್ಕರಿಂದ ನಲವತ್ತೇಳು.’
‘ಅಲ್ಲ ತಾಯಿ, ಗಣೇಶ ಆಗ್ಲಿ ಆನೆ ಆಗ್ಲಿ,
ಆರ್ಡರ್ ಅಂದ್ಮೇಲೆ ಒಂದ್ ಲೆಕ್ಕ ಇರ್ಬೇಕಲ್ವಾ?’
ಲೆಕ್ಕ ಇರೋದೇ ಹಾಗೆ, ಅಂದರು ಮೇಡಂ.
ಯಾರೂ ಕಂಡು ಎಣಿಸಿದ್ದಲ್ಲ.
ಹೆಜ್ಜೆ, ಲದ್ದಿ, ಮುರಿದ ಸಸಿ, ಮರಕ್ಕೆ ಕಟ್ಟಿದ ಕ್ಯಾಮೆರಾ,
ಇವಿಷ್ಟರಿಂದ ಊಹಿಸಿದ್ದು.
ನಡುವಿನ ಹದಿಮೂರು
ಇವೆಯೋ, ಇಲ್ಲವೋ.

ಚಾರ್ಟು ಬಿಡಿಸಿದರು, ಮೇಲಿಂದ ಕೆಳಕ್ಕೆ:
ಅಪಾಯ, ಹೆಚ್ಚು ಅಪಾಯ, ತೀರಾ ಅಳಿವಿನಂಚು,
ಕಾಡಿನಲ್ಲಿ ಇಲ್ಲ, ಎಲ್ಲೂ ಇಲ್ಲ.
ಮೂರನೆಯ ಮೆಟ್ಟಿಲಲ್ಲಿ ನಿಂತಿದೆಯಂತೆ.
ಮಾವ ಚಾರ್ಟನ್ನು ಕೈಗೆ ತೆಗೆದುಕೊಂಡು
ಕೆಳಗಿನ ಎರಡನ್ನೂ ಹೆಬ್ಬೆರಳಲ್ಲಿ ಮುಚ್ಚಿ ನೋಡಿದರು.

ನಮ್ಮ ದೇಶದ ಈಶಾನ್ಯದ ಬೆಟ್ಟಗಳಲ್ಲೂ ಇತ್ತಂತೆ. ಹೋಯಿತು.
ಮಲೇಷ್ಯಾದಲ್ಲಿ ಕೊನೆಗೆ ಒಂದು ಹೆಣ್ಣು.
ಎರಡು ಸಾವಿರದ ಹತ್ತೊಂಬತ್ತರಲ್ಲಿ ಅದೂ.
ಕೊಂಬಿಗಾಗಿ ಕೊಂದದ್ದು ಒಂದು ಕಡೆ;
ಈಗ ಗಂಡು ಒಂದು ಗುಡ್ಡದಲ್ಲಿ, ಹೆಣ್ಣು ಇನ್ನೊಂದರಲ್ಲಿ,
ಒಂದರ ಹಾದಿಗೆ ಒಂದು ಬೀಳದೆ ವರ್ಷ ಕಳೆಯುತ್ತವೆ.
ಕೂಡದೆ ಉಳಿದ ಹೆಣ್ಣಿಗೆ ಗರ್ಭದಲ್ಲಿ ಗಂಟು ಕಟ್ಟುತ್ತದೆ,
ಅನ್ನುವಾಗ ಮೇಡಂ ದನಿ ತಗ್ಗಿಸಿದರು,
ಮಾವನ ಮುಂದೆ ಸಂಕೋಚವೋ ಏನೋ.
ಹೋದ ವರ್ಷ ಹಾಸನದ ಆಸ್ಪತ್ರೆಯಲ್ಲಿ
ನನಗೂ ಗಂಟಿನ ಮಾತನ್ನು ಹೇಳಿದ್ದು ಇದೇ ದನಿಯಲ್ಲಿ.
ಕೈಯಲ್ಲಿದ್ದ ಮರಳುಕಾಗದ ಮಡಿಸಿದೆ, ಬಿಚ್ಚಿದೆ.

ಕಲ್ಲಿಗೆ ಕೂದಲು ಬರಿಸುವುದು ಸುಲಭವಲ್ಲ.
ಮುತ್ತಿನ ಸರ, ಗೆಜ್ಜೆ, ಬಳ್ಳಿಸುರುಳಿ ಬಲ್ಲ ಕೈ
ಮೊದಲ ಮೂರನ್ನು ನಂದಿಯೇ ಮಾಡಿಬಿಟ್ಟಿತು,
ಕೊಂಬು ಮಾತ್ರ ಮೂಗಿಗಿಳಿದಿತ್ತು.
ಗುಡಿಯ ಹೊರಗೋಡೆಯ ಮಕರಕ್ಕೆ
ಬಾಯಿ ಮೊಸಳೆಯದು, ಸೊಂಡಿಲು ಆನೆಯದು, ಬಾಲ ನವಿಲಿನದು.
‘ಕಾಣದ್ದನ್ನ ಕೆತ್ತೋದು ಹೊಸದಲ್ಲ ನಮ್ಗೆ.
ಆದ್ರೆ ಇದು ಇದೆ ಕಣಮ್ಮಾ. ತಪ್ಪು ಕೆತ್ಬಾರ್ದು.’
ಮೂರನ್ನೂ ಒಡೆದರು.

ಮೂವತ್ತನಾಲ್ಕು ಮುಗಿದವು. ಎಣ್ಣೆ ಉಜ್ಜಿದೆ, ಕಪ್ಪಾದವು.
ಹುಲ್ಲು ತುಂಬಿದ ಟೊಮೇಟೊ ಕ್ರೇಟಿನಲ್ಲಿ ಬಸ್ಸು ಹತ್ತಿದವು.
ಉಳಿದ ಹದಿಮೂರಕ್ಕೆ ಬೆನ್ನಿನ ಗೆರೆ ಎಳೆದು
ಮಾವ ಉಳಿ ನಿಲ್ಲಿಸಿದರು.
ಗುಡಿಯಲ್ಲೂ ಹಾಗೆ ನಿಂತ ಕಲ್ಲುಗಳಿವೆ,
ಯಾಕೆಂದು ಗೈಡುಗಳು ದಿನಕ್ಕೊಂದು ಹೇಳುತ್ತಾರೆ.
ಇವು ಯಾಕೆಂದು ನನಗೆ ಗೊತ್ತು.

ಗಣಿಯಿಂದ ಬಂದಾಗ ಮೆದು, ಗಾಳಿ ತಾಗಿದಷ್ಟೂ ಗಟ್ಟಿ,
ಬಳಪದ ಕಲ್ಲಿನ ಗುಣ.
ಅದಕ್ಕೇ ಒದ್ದೆ ಗೋಣಿ ಹೊದಿಸಿಟ್ಟಿದ್ದೇವೆ.
ಹೊಸ ಎಣಿಕೆ ಬಂದರೆ ಮೇಡಂ ಫೋನ್ ಮಾಡುತ್ತಾರೆ.
ಒಂದು ಸಿಕ್ಕಿದರೆ ಒಂದಕ್ಕೆ ಕಾಲು ಬಿಡಿಸಬೇಕು.
ಕಡಿಮೆಯಾದರೆ ಏನು ಮಾಡುವುದೆಂದು
ಮಾವನೂ ಕೇಳಿಲ್ಲ, ಅವರೂ ಹೇಳಿಲ್ಲ.

ಬೆಳಿಗ್ಗೆ ಅಂಗಳಕ್ಕೆ ನೀರು ಹಾಕುವ ಚೊಂಬಿನಲ್ಲೇ
ಗೋಣಿಯನ್ನೂ ನೆನೆಸುತ್ತೇನೆ.
ನಿನ್ನೆ ಟೂರಿಸ್ಟೊಬ್ಬರು ಅಂಚೆತ್ತಿ ನೋಡಿದರು.
‘ಹಂದಿಮರಿಗಳಾ? ಜೋಡಿಗೆ ಎಷ್ಟು?’
ಮಾರುವುದಲ್ಲ, ಎಂದೆ.
‘ಮತ್ತ್ಯಾಕೆ ಇಟ್ಟಿದ್ದೀರಿ?’
ಅಂಚು ಬಿಡಿ ಸಾರ್, ಒಣಗುತ್ತವೆ, ಎಂದೆ.